ಹೊರಗಿನಿಂದ ಬಂದವರ ಕಾಲಂ

ಹಿಂದಿನ ಬೆಂಚಿನಿಂದ ಯಾರೋ ನಕ್ಕರು.

ಜೋರು ನಗುವಲ್ಲ. ತಡೆದುಕೊಳ್ಳಲು ನೋಡಿ, ಆಗದೆ, ಮೂಗಿನಿಂದ ತಪ್ಪಿಸಿಕೊಂಡು ಬಂದ ನಗು. ಆದರೆ ದಾವಣಗೆರೆಯ ಡಿಗ್ರಿ ಕಾಲೇಜೊಂದರಲ್ಲಿ ಆರು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ನನಗೆ, ಹಿಂದಿನ ಬೆಂಚಿನ ನಗು ಯಾವ ಮೂಲೆಯದು ಎಂದು ಹಿಡಿಯುವುದು ಕಷ್ಟವೇ?

“ಯಾರದು? ಎದ್ದು ನಿಂತ್ಕೊಳ್ಳಿ,” ಎಂದುಬಿಟ್ಟೆ.

ಅವನು ಎದ್ದು ನಿಂತ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದು ನನ್ನ ಕ್ಲಾಸಾಗಿರಲಿಲ್ಲ, ಕಡರನಾಯಕನಹಳ್ಳಿಯ ಪಂಚಾಯ್ತಿ ಸಭೆ. ನಿಂತವನು ಮೂವತ್ತರ ಆಸುಪಾಸಿನ ಗಂಡಸು. ನೀಲಿ ಚೌಕಳಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ನು, ತುಟಿಯ ಅಂಚಿನಲ್ಲಿ ಇನ್ನೂ ಪೂರ್ತಿ ಒಳಗೆ ಹೋಗದ ನಗು.

“ಅಂಜನಕುಮಾರ ಅಂತ ಮೇಡಂ. ಇಲ್ಲೇ ಪಂಚಾಯ್ತೀಲಿ ಡಾಟಾ ಎಂಟ್ರಿ ಆಪರೇಟರ್. ತಪ್ಪು ತಿಳ್ಕಬ್ಯಾಡ್ರಿ.”

“ಕಾರಣ ಹೇಳಿದ್ರೆ ನಾವೂ ನಗ್ತೀವಿ,” ಎಂದೆ. ನನಗೆ ಸಿಟ್ಟು ಬಂದರೆ ಮಾತು ಹೀಗೇ ನೆಟ್ಟಗಾಗುತ್ತದೆ.

ಅವನು ನನ್ನ ಹಿಂದಿನ ಪರದೆಯನ್ನು ನೋಡಿದ. ಪರದೆಯ ಮೇಲೆ ನನ್ನ ಮ್ಯಾಟ್ರಿಕ್ಸ್ ಇತ್ತು.

ಅದು ಅಲ್ಲಿಗೆ ಬಂದ ಕಥೆ ಇಷ್ಟು. ಆ ಊರಿನ ಒಂದು ಕೇರಿಯಲ್ಲಿ ಒಂದೇ ರೂಮಿನ ಅಂಗನವಾಡಿ ಇದೆ. ಪಕ್ಕದಲ್ಲಿ ಖಾಲಿ ಜಾಗ. ಅಲ್ಲಿ ಇನ್ನೊಂದು ರೂಮು ಕಟ್ಟಿಸಿಕೊಡಿ ಎಂದು ಅಂಗನವಾಡಿಯ ನೀಲಕ್ಕ, ಜಿಮ್ ಕಟ್ಟಿಸಿಕೊಡಿ ಎಂದು ಊರಿನ ಹುಡುಗರು. ‘ಈಗೆಲ್ಲ ಯಾರು ಮಕ್ಕಳು ಹೆರ್ತಾರೆ, ಹತ್ತು ವರ್ಷಕ್ಕೆ ಆ ರೂಮು ಖಾಲಿ ಬೀಳ್ತೈತೆ’ ಎಂಬುದು ಹುಡುಗರ ವಾದ. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ಅಲ್ಲಿ ನಡೆದಾಗ ಪಂಚಾಯ್ತಿ ಮೆಂಬರ್ ಗೌಸ್ ಪೀರ್ ಅವರು ನನ್ನನ್ನು ಕೇಳಿದ್ದರು: “ಹತ್ತು ವರ್ಷದ ಮ್ಯಾಲೆ ಮಕ್ಕಳು ಎಷ್ಟಿರ್ತಾವೆ ಅಂತ ನಿಮ್ಮ ಗಣಿತದಾಗೆ ಹೇಳಾಕ ಬರ್ತೈತೇನ್ರಿ ಮೇಡಂ?”

ಬರದೆ ಏನು! ವಿಧಾನ ಸರಳ. ಊರಿನ ಹೆಣ್ಣುಮಕ್ಕಳನ್ನು ಐದೈದು ವರ್ಷದ ಗುಂಪುಗಳಾಗಿ ಮಾಡಿಕೊಳ್ಳುವುದು. ಸೊನ್ನೆಯಿಂದ ನಾಲ್ಕು, ಐದರಿಂದ ಒಂಬತ್ತು, ಹೀಗೆ. ಮ್ಯಾಟ್ರಿಕ್ಸ್‌ನ ಮೊದಲ ಸಾಲಿನಲ್ಲಿ, ಯಾವ ವಯಸ್ಸಿನ ಗುಂಪಿಗೆ ಎಷ್ಟು ಮಕ್ಕಳಾಗುತ್ತವೆ ಎಂಬ ಸಂಖ್ಯೆ. ಅದರ ಕೆಳಗೆ ಮೆಟ್ಟಿಲಿನಂತೆ ಇಳಿಯುವ ಸಂಖ್ಯೆಗಳು, ಒಂದು ಗುಂಪಿನವರಲ್ಲಿ ಎಷ್ಟು ಪಾಲು ಮುಂದಿನ ಗುಂಪಿಗೆ ದಾಟುತ್ತಾರೆ ಎಂದು. ಉಳಿದ ಕಡೆಯೆಲ್ಲ ಸೊನ್ನೆ. ಇವತ್ತಿನ ಊರನ್ನು ಅದರಿಂದ ಒಮ್ಮೆ ಗುಣಿಸಿದರೆ ಐದು ವರ್ಷದ ನಂತರದ ಊರು, ಇನ್ನೊಮ್ಮೆ ಗುಣಿಸಿದರೆ ಹತ್ತು ವರ್ಷದ ನಂತರದ ಊರು. ನನ್ನ ಲೆಕ್ಕದಲ್ಲಿ, ಹುಟ್ಟುವ ಗಂಡುಕೂಸುಗಳೂ ಸೇರಿ, ಆ ಕೇರಿಯ ಐದು ವರ್ಷದೊಳಗಿನ ಮಕ್ಕಳು ಐವತ್ತೆಂಟರಿಂದ ನೂರ ಇಪ್ಪತ್ತೊಂದಕ್ಕೆ ಏರಿದ್ದರು. ನೀಲಕ್ಕ ಚಪ್ಪಾಳೆ ತಟ್ಟಿದ್ದಳು. ಆಗಲೇ ಆ ನಗು ಬಂದದ್ದು.

“ಹೆರಿಗೆ ಲೆಕ್ಕ ಎಲ್ಲಿಂದ ತಗಂಡ್ರಿ ಮೇಡಂ?” ಅಂಜನಕುಮಾರ ಕೇಳಿದ.

“ನೀಲಕ್ಕನ ರಿಜಿಸ್ಟರಿಂದ. ಹೋದ ವರ್ಷ ಇಪ್ಪತ್ಮೂರು ಕೂಸು.”

“ಅದ್ರಾಗೆ ಹನ್ನೊಂದು ಕೂಸು ಈಗ ಊರಾಗಿಲ್ರಿ.”

ಪರದೆ ಬಿಟ್ಟು ಅವನ ಕಡೆ ಎರಡು ಹೆಜ್ಜೆ ಇಟ್ಟೆ. “ಏನಾಯ್ತು ಅವಕ್ಕೆ?”

“ಏನಾಗ್ತೈತ್ರಿ, ಅಪ್ಪನ ಮನಿಗೆ ಹೋದ್ವು. ಮದ್ವಿ ಆಗಿ ಹೋದ ಹೆಣ್ಮಕ್ಕಳು ಬಾಣಂತನಕ್ಕ ತವರಿಗೆ ಬರ್ತಾರೆ. ಇಲ್ಲೇ ಹೆಸ್ರು ಬರಸ್ತಾರೆ, ಇಲ್ಲೇ ಮೊಟ್ಟೆ, ಇಲ್ಲೇ ಕೂಸಿನ ತೂಕ. ಐದು ತಿಂಗ್ಳಿಗೆ ತೊಟ್ಟಿಲು ಸಮೇತ ಗಾಡಿ ಹತ್ತಿ ಹೋಗ್ತಾರೆ. ನೀವು ಆ ಹೋದ ಕೂಸುಗಳನ್ನೂ ಇಲ್ಲೇ ಹಿಡ್ಕಂಡು, ಅವನ್ನ ಬೆಳೆಸಿ, ಅವಕ್ಕ ಜೋಡಿನೂ ಕೂಡ್ಸೀರಿ.”

ಇಡೀ ಸಭೆ ನಕ್ಕಿತು. ಚಪ್ಪಾಳೆ ತಟ್ಟಿದ್ದ ನೀಲಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡಳು. ನಾಚಿಕೆಗೇಡೆಂದರೆ, ನಾನೇ ಹುಟ್ಟಿದ್ದು ಅಮ್ಮನ ತವರು ಹೊನ್ನಾಳಿಯಲ್ಲಿ. ಐದು ತಿಂಗಳಿಗೆ ದಾವಣಗೆರೆಗೆ ಬಂದ ಕೂಸು ನಾನು. ಗೊತ್ತಿಲ್ಲದ ಪದ್ಧತಿಯೇನಲ್ಲ. ಗೊತ್ತಿದ್ದೂ ಲೆಕ್ಕಕ್ಕೆ ಕೂತಾಗ ತಲೆಗೆ ಹೊಳೆದಿರಲಿಲ್ಲ.

“ಇನ್ನೊಂದು ಡೌಟು ಮೇಡಂ. ಇದ್ರಾಗೆ ಬರೀ ಹೆಣ್ಮಕ್ಕಳೇ ಇದಾರಲ್ಲ, ಗಂಡಸ್ರು ಎಲ್ಲಿ?”

“ಈ ವಿಧಾನದಲ್ಲಿ ಗಂಡಸರಿಗೆ ಜಾಗ ಇಲ್ಲ,” ಎಂದೆ.

ಈಗ ನಗು ಅವನ ಕಡೆ ತಿರುಗಿತು. ಅವನು ಕೈ ಮುಗಿದು ಕೂತ. ಆದರೆ ಕೂರುವಾಗ ನನ್ನನ್ನು ಒಂದು ಸಲ ನೋಡಿದ. ಸೋತವನ ನೋಟವಲ್ಲ, ಮೆಚ್ಚಿಕೊಂಡವನ ನೋಟ. ಅದು ಇನ್ನೂ ಸಿಟ್ಟು ತರಿಸಿತು.

ಗೌಸ್ ಪೀರ್ ತೀರ್ಪು ಕೊಟ್ಟರು: “ಮುಂದಿನ ತಿಂಗ್ಳ ಸಭೆಗೆ ಸರಿ ಲೆಕ್ಕ ತರ್ರಿ ಮೇಡಂ. ಅಲ್ಲೀತನಕ ಜಾಗ ಹಂಗೇ ಇರ್ಲಿ.”

* * *

ನನ್ನ ಮನೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಮುಂದಿನ ಕೋಣೆಯ ಒಂದು ಗೋಡೆ ಪೂರ್ತಿ ಕಪ್ಪು. ನನ್ನ ಅಪ್ಪ ಮೈಲಪ್ಪ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ನನಗೆ ಹತ್ತೊಂಬತ್ತಾದಾಗ, ಪಕ್ಕದ ಮನೆಯ ನಸೀಮಾ ಪಿಯುಸಿ ಗಣಿತದಲ್ಲಿ ಎರಡು ಸಲ ಫೇಲಾಗಿ ನನ್ನ ಹತ್ತಿರ ಬಂದು ಅಳುತ್ತ ಕೂತಿದ್ದಳು. ಅವತ್ತೇ ಅಪ್ಪ ಆ ಗೋಡೆಗೆ ಮೂರು ಕೋಟು ಕಪ್ಪು ಬಣ್ಣ ಬಳಿದು, “ಬರಿ ಮಗ್ಳೇ, ಜಾಗ ಸಾಲ್ದಿದ್ರೆ ಆ ಕಡೀ ಗೋಡೇನೂ ಐತೆ,” ಎಂದಿದ್ದ. ನಸೀಮಾ ಪಾಸಾದಳು. ಈಗ ಬೆಳಿಗ್ಗೆ ಆರಕ್ಕೆ ಇಪ್ಪತ್ತೆರಡು ಹುಡುಗಿಯರು ಆ ಗೋಡೆಯ ಮುಂದೆ ಚಾಪೆ ಹಾಕಿ ಕೂರುತ್ತಾರೆ.

ಆ ಗೋಡೆಯಿಂದ ನನ್ನ ಮೂರು ಸಂಬಂಧ ಮುರಿದಿವೆ. ರಾಣೆಬೆನ್ನೂರಿನವನು, “ಬೋರ್ಡ್ ತಾನೇ, ನಮ್ಮಲ್ಲೂ ಒಂದು ಹಾಕ್ಸೋಣ” ಎಂದ. ಅಲ್ಲಿ ಹುಡುಗಿಯರನ್ನೂ ಹಾಕಿಸುತ್ತಾನೆಯೇ? ಚಿತ್ರದುರ್ಗದವನು, ಪಾಠವೇ ಯಾಕೆ ಎಂದ. ಮೂರನೆಯವನು ಮೂರು ತಿಂಗಳು ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿದ. ನೀವೇ ಇಲ್ಲಿಗೆ ಬಂದುಬಿಡಿ ಎಂದ ದಿನ, “ಜನ ಮನೆ ಅಳಿಯ ಅಂತಾರೆ,” ಎಂದು ಫೋನಿಟ್ಟ. ಅಲ್ಲಿಗೆ ನಾನು ಗಟ್ಟಿ ಮಾಡಿಕೊಂಡೆ. ಬರುವವನು ಈ ಮನೆಗೆ ಬರಬೇಕು. ಬರುವವನಿಲ್ಲದಿದ್ದರೆ ಬೇಡ. ಅಮ್ಮ ನಿಟ್ಟುಸಿರು ಬಿಡುತ್ತಿದ್ದಳು.

ಸಭೆಯ ಮೂರನೇ ದಿನ ಫೋನ್ ಬಂತು.

“ಮೇಡಂ, ಅಂಜನಕುಮಾರ. ಸಿಟ್ಟು ಇಳಿದೈತಾ?”

“ಇಲ್ಲ.”

“ಹಂಗಾದ್ರೆ ಭಾನುವಾರ ಬರ್ರಿ. ಮನಿ ಮನಿ ತಿರುಗಾಣ. ಸಿಟ್ಟೂ ಇಳೀತೈತೆ, ಲೆಕ್ಕಾನೂ ಸಿಗ್ತೈತೆ.”

ನಾನು ಹೋಗಬಾರದೆಂದುಕೊಂಡೆ. ಭಾನುವಾರ ಏಳೂವರೆಗೇ ಹೊರಟು ನಿಂತಿದ್ದೆ.

* * *

ಅವನು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು ತಂದಿದ್ದ. ‘ಇಲ್ಲೇ ಇರುವವರು’, ‘ಹೊರಗೆ ಹೋದವರು’, ‘ಹೊರಗಿನಿಂದ ಬಂದವರು’. ಅಕ್ಷರ ಮುತ್ತಿನಂತಿತ್ತು. ಅದನ್ನು ಹೇಳಲಿಲ್ಲ.

ಮೊದಲ ಮನೆಯಲ್ಲಿ ನಾನು ಕೇಳಿದೆ: “ನಿಮ್ಮ ಕುಟುಂಬದಲ್ಲಿ ಎಷ್ಟು ಜನ ಸದಸ್ಯರು?”

ಆ ಯಜಮಾನಿ ಬೆರಳು ಮಡಚಿ ಹದಿನಾಲ್ಕು ಜನರ ಹೆಸರು ಹೇಳಿದಳು. ಅದರಲ್ಲಿ ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳು, ಅವರ ಮಕ್ಕಳು, ಕೊನೆಗೆ ಮಿಲ್ಟ್ರಿಯಲ್ಲಿರುವ ಮೈದುನ.

ಅಂಜನಕುಮಾರ ನನ್ನ ಕಡೆ ಬಾಗಿ ಮೆಲ್ಲಗೆ, “ಹಿಂಗಲ್ರಿ ಮೇಡಂ,” ಎಂದ. ಆಮೇಲೆ ಅವಳನ್ನು ಕೇಳಿದ: “ಅಕ್ಕಾ, ನಿನ್ನೆ ರಾತ್ರಿ ಎಷ್ಟು ತಟ್ಟೆ ಹಾಕಿದ್ರಿ?”

“ಏಳು.”

“ಈ ತೊಟ್ಟಿಲು ಮಗಳ್ದಾ, ಸೊಸೀದಾ?”

“ಮಗಳ್ದಪ್ಪ. ಬರೋ ಸೋಮವಾರ ಅಳಿಯ ಬಂದು ಕರ್ಕಂಡು ಹೋಗ್ತಾನೆ.”

ಅವನು ತೊಟ್ಟಿಲನ್ನು ‘ಹೊರಗೆ ಹೋದವರು’ ಕಾಲಂಗೆ ಬರೆದು ನನ್ನತ್ತ ನೋಡಿದ. ಹುಬ್ಬು ಸ್ವಲ್ಪವೇ ಮೇಲೇರಿತ್ತು. ಏಳು ತಟ್ಟೆ, ಒಂದು ತೊಟ್ಟಿಲು. ನಾನು ಓದಿದ ಯಾವ ಪುಸ್ತಕದಲ್ಲೂ ಜನಗಣತಿಗೆ ಇಷ್ಟು ಚೊಕ್ಕ ಪ್ರಶ್ನೆ ಇರಲಿಲ್ಲ.

“ಚೆನ್ನಾಗಿದೆ,” ಎಂದೆ. ಬಾಯಿ ತಪ್ಪಿ.

“ಏನ್ರಿ?”

“ಪ್ರಶ್ನೆ.”

“ನಾನೂ ಪ್ರಶ್ನೀನೇ ಅಂದ್ಕಂಡೆ,” ಎಂದು ಮುಂದಿನ ಮನೆಯ ಚಿಲಕ ಬಡಿದ. ಹಿಂದಿನಿಂದ ನೋಡಿದರೂ ನಗುತ್ತಿದ್ದಾನೆಂದು ಗೊತ್ತಾಗುತ್ತಿತ್ತು.

ಮೂರು ಭಾನುವಾರ ಹೀಗೆ ತಿರುಗಿದೆವು. ಹೋದ ಹೆಣ್ಣುಮಕ್ಕಳ ಲೆಕ್ಕ, ಬಂದ ಸೊಸೆಯರ ಲೆಕ್ಕ, ತೌರಿನಲ್ಲಿ ಹೆತ್ತು ಕಂಕುಳಲ್ಲಿಟ್ಟುಕೊಂಡು ಬಂದ ಕೂಸುಗಳ ಲೆಕ್ಕ. ಒಂದು ಮನೆಯಲ್ಲಿ ಹಲ್ಲಿಲ್ಲದ ಅಜ್ಜಿಯೊಬ್ಬಳು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಹೊಸದಾಗಿ ಮದ್ವಿ ಆದೋರಾ?” ಎಂದು ಕೇಳಿದಳು.

“ಇಲ್ಲಜ್ಜಿ,” ಎಂದ ಅಂಜನಕುಮಾರ ಹಾಳೆ ತಿರುಗಿಸುತ್ತ, “ಮೇಡಂ ಲೆಕ್ಕದಾಗೆ ಗಂಡಸ್ರಿಗೆ ಜಾಗ ಇಲ್ಲ.”

ಜೊತೆಗಿದ್ದ ನೀಲಕ್ಕ ನನ್ನ ಪಕ್ಕೆ ತಿವಿದಳು. ನಾನು ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದೆ.

ಅವನಿಗೊಂದು ಅಭ್ಯಾಸ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಆಮೇಲೆ ಜೇಬನ್ನೆಲ್ಲ ತಡಕಾಡುವುದು. “ಕಿವಿ,” ಎಂದು ನಾನು ಹೇಳಬೇಕು. ಮೊದಲ ವಾರ ಹತ್ತು ಸಲ ಹೇಳಿದೆ. ಎರಡನೇ ವಾರ, ನಾನು ಹೇಳಲಿ ಎಂದೇ ತಡಕಾಡುತ್ತಾನೆಂಬ ಗುಮಾನಿ ಬಂತು. ಮೂರನೇ ವಾರ ಹೇಳಲಿಲ್ಲ. ಕೈ ಚಾಚಿ ನಾನೇ ಪೆನ್ನು ತೆಗೆದುಕೊಟ್ಟೆ. ಬೆರಳಿಗೆ ಅವನ ಕಿವಿ ತಾಕಿತು, ಬಿಸಿಯಾಗಿತ್ತು. ಆಮೇಲಿನ ಎರಡು ಮನೆಗಳಲ್ಲಿ ಪ್ರಶ್ನೆಯನ್ನೆಲ್ಲ ನೀಲಕ್ಕನೇ ಕೇಳಬೇಕಾಯಿತು.

ಅವನಿಗೆ ಮ್ಯಾಟ್ರಿಕ್ಸ್ ಅರ್ಥವಾಗಬೇಕಿತ್ತು. ಅಂಗನವಾಡಿಯ ಕಟ್ಟೆಯ ಮೇಲೆ ಕೂತು ಕೇಳಿದ: “ಮತ್ತೆ ಮತ್ತೆ ಗುಣಿಸ್ತಾ ಹೋದ್ರೆ ಏನಾಗ್ತೈತ್ರಿ?”

“ಒಂದಷ್ಟು ಕಾಲದ ಮೇಲೆ ವಯಸ್ಸಿನ ಗುಂಪುಗಳ ನಡುವಿನ ಪ್ರಮಾಣ ಒಂದೇ ಕಡೆ ನಿಲ್ಲುತ್ತೆ. ಶುರುವಿನಲ್ಲಿ ಮಕ್ಕಳೇ ಜಾಸ್ತಿ ಇರಲಿ, ಮುದುಕಿಯರೇ ಜಾಸ್ತಿ ಇರಲಿ. ಕೊನೆಗೆ ಅದೇ ಪ್ರಮಾಣ.”

“ಅಂದ್ರೆ ಹೆಂಗೇ ಶುರುವಾದ್ರೂ ಒಂದು ಹದಕ್ಕ ಬರ್ತೈತೆ.”

“ಹೂಂ.”

“ನಗೋದ್ರಿಂದ ಶುರುವಾಗಿ, ಎದುರಿಗಿದ್ದೋರಿಗೆ ಸಿಟ್ಟು ಬಂದಿದ್ರೂ?”

ಎದುರಿಗೆ ಗೋಡೆಯ ಮೇಲೆ ಮಕ್ಕಳಿಗೆಂದು ಬರೆದ ಅ, ಆ, ಇ, ಈ ಇತ್ತು. ಅದನ್ನೇ ಎರಡು ಸಲ ಓದಿದೆ.

ಆ ಸಂಜೆ ಅವನು ನನ್ನನ್ನು ಬೈಕಿನಲ್ಲಿ ಹರಿಹರದ ಬಸ್ ಸ್ಟ್ಯಾಂಡಿಗೆ ಬಿಟ್ಟ. ಅವನ ಮನೆಯೂ ಹರಿಹರದಲ್ಲೇ. ದಾವಣಗೆರೆ ಬಸ್ಸು ಹತ್ತು ನಿಮಿಷಕ್ಕೊಂದು ಇದ್ದರೂ ನಾಲ್ಕು ಬಸ್ಸು ಬಿಟ್ಟೆವು. ಗಾಡಿಯಂಗಡಿಯ ಮಂಡಕ್ಕಿ, ಬಿಸಿ ಮಿರ್ಚಿ. ಅವನು ಉಳಿದ ಒಂದು ಖಾಲಿ ಫಾರಂ ತೆಗೆದು, ಕಿವಿಯಿಂದ ಪೆನ್ನು ತಾನೇ ತೆಗೆದುಕೊಂಡು, “ನಿಮ್ಮನ್ನ ಯಾವ ಕಾಲಂಗೆ ಬರೀಲಿ ಮೇಡಂ? ಇರೋರಾ, ಹೋಗೋರಾ?” ಎಂದ. ದನಿ ತಮಾಷೆಯದು. ಕಣ್ಣು ತಮಾಷೆಯದಲ್ಲ.

ಇಂಥ ಹೊತ್ತಿನಲ್ಲಿ ಬೇರೆ ಹುಡುಗಿಯರು ತಲೆ ತಗ್ಗಿಸುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಪ್ಪು ಗೋಡೆ, ಇಪ್ಪತ್ತೆರಡು ಹುಡುಗಿಯರು, ಮೂರು ಸಂಬಂಧ. “ಇರೋರು. ನಾನು ಆ ಮನೆ ಬಿಟ್ಟು ಬರೋದಿಲ್ಲ. ಬೇಕಾದವರು ಬರಬೇಕು.”

ಅವನು ಮಿರ್ಚಿಯನ್ನು ಕೊನೆಯ ತನಕ ತಿಂದ. ನೀರು ಕುಡಿದ.

“ಹಂಗಾ,” ಎಂದ.

ಐದನೇ ಬಸ್ಸು ಬಂತು. ನಾನು ಹತ್ತಿದೆ.

* * *

ಮಾರನೆಯ ದಿನ ಒಂದು ಮೆಸೇಜು: ‘ಈ ವಾರ, ಮುಂದಿನ ವಾರ ಬರಾಕ ಆಗಲ್ಲ ಮೇಡಂ. ಅಮಾಸಿ ಆದ ಮ್ಯಾಲೆ ಸಿಗ್ತೀನಿ.’

ಅಮಾವಾಸ್ಯೆ! ರಾಣೆಬೆನ್ನೂರಿನವನು ಬೋರ್ಡಿನ ನೆಪ ಹೇಳಿದ, ಮೂರನೆಯವನು ಜನರ ನೆಪ ಹೇಳಿದ, ಇವನು ಚಂದ್ರನನ್ನೇ ಎಳೆದು ತಂದ. ನಾನು ಸಿಟ್ಟಿನಿಂದ ಮೆಸೇಜು ಅಳಿಸಿದೆ. ಅಳಿಸಿದ ಮೇಲೆ ಅದು ಬಾಯಿಪಾಠವಾಗಿದೆ ಎಂದು ಗೊತ್ತಾಯಿತು.

ನಾಲ್ಕನೇ ಭಾನುವಾರ ನೀಲಕ್ಕನ ಜೊತೆ ಉಳಿದ ಮನೆಗಳನ್ನು ಮುಗಿಸಿದೆ. ಪ್ರತಿ ಮನೆಯಲ್ಲೂ ಅವನ ಪ್ರಶ್ನೆಯನ್ನೇ ಕೇಳಿದೆ. “ನಿನ್ನೆ ರಾತ್ರಿ ಎಷ್ಟು ತಟ್ಟೆ?” ಕೇಳುವಾಗಲೆಲ್ಲ ಪಕ್ಕಕ್ಕೆ ತಿರುಗುತ್ತಿದ್ದೆ. ನನಗೆ ಅವನು ಬೇಕಾಗಿದ್ದ. ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಮೊದಲ ಮೂವರು ಹೋದಾಗ ನನಗೆ ಅವಮಾನವಾಗಿತ್ತು, ಅಷ್ಟೇ. ಇವನು ಬಾರದ ಎರಡು ವಾರ ನನಗೆ ಊಟ ಸೇರಲಿಲ್ಲ.

ಒಂದು ಸಂಜೆ ಕಪ್ಪು ಗೋಡೆಯ ಮುಂದೆ ಸುಮ್ಮನೆ ನಿಂತಿದ್ದೆ. ಸರಿ ಮಾಡಿದ ಮ್ಯಾಟ್ರಿಕ್ಸ್ ಬರೆದಿತ್ತು. ಹದಿನೈದರಿಂದ ಹತ್ತೊಂಬತ್ತರ ಗುಂಪಿನಿಂದ ಮುಂದಿನ ಗುಂಪಿಗೆ ಇಳಿಯುವ ಕಡೆ ಸಂಖ್ಯೆ ಧೊಪ್ಪನೆ ಬಿದ್ದಿತ್ತು, ಸೊನ್ನೆ ಬಿಂದು ಮೂರು ಐದು. ನೂರರಲ್ಲಿ ಅರವತ್ತೈದು ಹುಡುಗಿಯರು ಅಲ್ಲಿಂದ ಬೇರೆ ಊರಿನ ಲೆಕ್ಕಕ್ಕೆ ಹೋದವರು. ಅಳುತ್ತಲೋ ನಗುತ್ತಲೋ ಎಲ್ಲರೂ ಹೋದರು. ನನಗೊಬ್ಬಳಿಗೇ ಯಾಕೆ ಇಷ್ಟು ಹಟ ಎನ್ನಿಸಿತು. ಹದಿನಾಲ್ಕು ಕಿಲೋಮೀಟರ್ ಆಚೆಗಿನ ಹರಿಹರ. ಅವನೇನಾದರೂ ಬಾ ಎಂದಿದ್ದರೆ ಹೋಗಿಬಿಡುತ್ತಿದ್ದೆನೋ ಏನೋ.

ಅಪ್ಪ ಹಿಂದೆ ಬಂದು ನಿಂತಿದ್ದ. ಅಪ್ಪನಿಗೆ ಯಾರೂ ಏನೂ ಹೇಳಬೇಕಾಗಿಲ್ಲ.

“ಸುಣ್ಣ ಹೊಡೆದ್ರೆ ಅರ್ಧ ದಿನದ ಕೆಲ್ಸ ಮಗ್ಳೇ,” ಎಂದ ಮೆಲ್ಲಗೆ. “ಗೋಡಿ ಸಲುವಾಗಿ ನೀನು ಕಣ್ಣೀರು ಹಾಕಬ್ಯಾಡ.”

ನಾನು ಗೋಡೆಗೆ ಕೈಯಿಟ್ಟೆ. ಹತ್ತು ವರ್ಷದ ಸುಣ್ಣದ ಕಡ್ಡಿಯ ಪುಡಿ ಅಂಗೈಗೆ ಹತ್ತಿತು.

“ಬ್ಯಾಡ ಅಪ್ಪ,” ಎಂದೆ. “ಅಳ್ತೀನಿ. ಆದ್ರೆ ಗೋಡೆ ಇರ್ಲಿ.”

* * *

ಸಭೆಯ ದಿನ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಹಿಂದಿನ ಬೆಂಚನ್ನು ನೋಡಬಾರದೆಂದು ಗಟ್ಟಿ ಮಾಡಿಕೊಂಡೇ ಒಳಗೆ ಹೋದೆ. ನೋಡದೆಯೂ ಗೊತ್ತಾಯಿತು, ಅಲ್ಲಿ ನೀಲಿ ಚೌಕಳಿ ಇತ್ತು.

ನಾನು ನೇರ ಲೆಕ್ಕಕ್ಕಿಳಿದೆ. ತವರಿಗೆ ಬಂದು ಹೋದ ಕೂಸುಗಳನ್ನು ತೆಗೆದಿದ್ದೇನೆ. ಮದುವೆಯಾಗಿ ಹೋಗುವ ಹುಡುಗಿಯರನ್ನು ಇಳಿಸಿದ್ದೇನೆ. ಗುಣಿಸಿದ ಪ್ರತಿ ಸಲವೂ ಹೊರಗಿನಿಂದ ಬರುವ ಸೊಸೆಯರನ್ನು ಕೂಡಿಸಿದ್ದೇನೆ. “ಹತ್ತು ವರ್ಷದ ನಂತರ ನೂರ ಇಪ್ಪತ್ತೊಂದು ಅಲ್ಲ, ಅರವತ್ಮೂರು ಮಕ್ಕಳು. ದುಪ್ಪಟ್ಟಾಗಲ್ಲ. ಆದ್ರೆ ಕಮ್ಮಿನೂ ಆಗಲ್ಲ. ರೂಮು ಖಾಲಿ ಬೀಳಲ್ಲ.”

“ಇಪ್ಪತ್ತೈದು ಮಕ್ಕಳು ಕೂಡೋ ರೂಮಿನಾಗೆ ಈಗ್ಲೇ ಮೂವತ್ತಾರು ಇದಾವ್ರೀ,” ನೀಲಕ್ಕ ಎದ್ದಳು. “ಇಷ್ಟು ದೊಡ್ಡ ಗುಣಾಕಾರ ಯಾಕ ಬೇಕಿತ್ತು, ಯಾರಾರ ಬಂದು ಬಾಗ್ಲಾಗೆ ಇಣುಕಿದ್ರೆ ಸಾಕಿತ್ತು!”

ಗೌಸ್ ಪೀರ್ ನಕ್ಕು ಮೇಜು ತಟ್ಟಿದರು. “ಆತು. ಕೆಳಗ ಮಕ್ಕಳ ರೂಮು. ಹುಡುಗ್ರಿಗೆ ಛಾವಣಿ ಮ್ಯಾಲೆ ಕಸರತ್ತು. ಮಕ್ಕಳು ಮಲಗಿದಾಗ ಮಾತ್ರ ಕಬ್ಬಿಣ ಎ‌ತ್ತಿ ಹಾಕಬ್ಯಾಡ್ರಿ, ನೀಲಕ್ಕ ಸುಮ್ನೆ ಬಿಡಾಕಿಲ್ಲ.”

ಸಭೆ ಒಪ್ಪಿತು. ನಾನು ಲ್ಯಾಪ್‌ಟಾಪ್ ಮುಚ್ಚಬೇಕು, ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಕೈ ಎದ್ದಿತು.

“ಮೇಡಂ, ಒಂದು ಡೌಟು.”

“ಕೇಳಿ,” ಎಂದೆ, ಪರದೆ ನೋಡುತ್ತ.

“ಹೊರಗಿನಿಂದ ಬಂದೋರ ಕಾಲಂನಾಗೆ ಎಲ್ಲಾ ಸೊಸೇರೇ ಇದಾರೆ. ಒಬ್ಬ ಅಳಿಯ ಬಂದ್ರೆ?”

“ಅಂಥ ಕೇಸು ನಾಲ್ಕು ಭಾನುವಾರದಲ್ಲಿ ಒಂದೂ ಸಿಗಲಿಲ್ಲ.”

“ಸಿಕ್ರೆ, ಲೆಕ್ಕ ಕೆಡ್ತೈತಾ?”

ನಾನು ತಿರುಗಿ ನೋಡಿದೆ. ಅವನು ನಗುತ್ತಿರಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. ನನ್ನ ಕೈಯಲ್ಲಿದ್ದ ಮೌಸು ಮೇಜಿನಿಂದ ಜಾರಿ ವೈರಿಗೆ ನೇತಾಡಿತು.

“ಕೆಡಲ್ಲ,” ಎಂದೆ.

“ಅವ್ವಯ್ಯಾ!” ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡವಳು ನೀಲಕ್ಕ. ಗೌಸ್ ಪೀರ್ ಅವರಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಅಂಗನವಾಡಿಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಬೇವಿನ ಮರವಿದೆ. ಸಭೆ ಮುಗಿದ ಮೇಲೆ ಅದರ ಕೆಳಗಿನ ಕಲ್ಲಿನ ಮೇಲೆ ಅವನು ಕೂತಿದ್ದ. ನಾನು ಎದುರಿಗೆ ನಿಂತೆ, ಕೈ ಕಟ್ಟಿಕೊಂಡು.

“ಎರಡು ವಾರ,” ಎಂದೆ.

“ಅವ್ವನ್ನ ಒಪ್ಪಸ್ತಿದ್ದೆ ಮೇಡಂ. ನಮ್ಮ ಮನ್ಯಾಗೆ ದಿನಾ ಹನ್ನೊಂದು ತಟ್ಟೆ. ಇಬ್ರು ಅಣ್ಣಂದಿರು, ಅತ್ತಿಗೇರು, ಮಕ್ಕಳು. ನಾನು ಹೋದ್ರೆ ಬಚ್ಚಲದ ಮುಂದೆ ಸಾಲು ಕಮ್ಮಿ ಆಗ್ತೈತೆ ಅಂತ ಅಣ್ಣಂದಿರು ಆವತ್ತೇ ಒಪ್ಪಿದ್ರು. ಅವ್ವ ಅತ್ಲು. ಎರಡು ದಿನ ಅತ್ಲು. ಆಮ್ಯಾಲೆ, ‘ಆ ಹುಡುಗಿ ಊರು ಎಷ್ಟು ದೂರನೋ’ ಅಂದ್ಲು. ದಾವಣಗೆರೆ, ಹದಿನಾಕು ಕಿಲೋಮೀಟ್ರು ಅಂದೆ. ‘ಮೊದ್ಲೇ ಹೇಳಾಕೇನಾಗಿತ್ತು, ಇಷ್ಟಕ್ಕ ಎರಡು ದಿನ ಅತ್ನಲ್ಲೋ’ ಅಂತ ನನಗೇ ಬೈದ್ಲು.”

ನನಗೆ ನಗು ಬರತೊಡಗಿತು. ಬರಬಾರದೆಂದು ತುಟಿ ಕಚ್ಚಿದೆ.

“ಆದ್ರೂ ಅಮಾಸಿಗೆ ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗದ್ದುಗೆ ಮುಂದೆ ಹೇಳ್ಕಂಡು ಬಂದ ಮ್ಯಾಲೇ ಹೂಂ ಅಂತೀನಿ ಅಂದ್ಲು. ನಮ್ಮವ್ವ ಓಬವ್ವ ಏನೇ ಇದ್ರೂ ಹಂಗೇ. ಅವಳು ಹೂಂ ಅನ್ನೋತನಕ ನಿಮಗೆ ಆಸೆ ಹಚ್ಚಬಾರ್ದು ಅಂತ ಸುಮ್ನಿದ್ದೆ. ಅದ್ಕೇ ಮೆಸೇಜು ಹಾಕಿದ್ನಲ್ರಿ, ಅಮಾಸಿ ಆದ ಮ್ಯಾಲೆ ಅಂತ.”

“ಕಾರಣ ಹಾಕೋಕೆ ಏನಾಗಿತ್ತು?”

“ಹೆದ್ರಿಕಿ ಆತು.” ಅವನು ನೆಲ ನೋಡಿದ. ಇಷ್ಟು ದಿನದಲ್ಲಿ ಅವನು ತಲೆ ತಗ್ಗಿಸಿ ಮಾತಾಡಿದ್ದು ಅದೇ ಮೊದಲು. “ಆ ಸಂಜೆ ನೀವು ಬಸ್ ಹತ್ತಿದ ಮ್ಯಾಲೆ ನಾನು ಅಲ್ಲೇ ನಿಂತಿದ್ದೆ. ನೀವು ಕೇಳಿದ್ದು ದೊಡ್ಡದೇನಲ್ಲ ಅನ್ನಿಸ್ತು. ಊರಾಗೆ ಮನಿ ಮನಿ ತಿರುಗಿ ನೋಡಿದ್ವಲ್ರಿ, ಎಷ್ಟು ಹುಡುಗೇರು ಎಷ್ಟು ಬಿಟ್ಟು ಬಂದಾರೆ. ಒಬ್ಬ ಗಂಡಸು ಹದಿನಾಕು ಕಿಲೋಮೀಟ್ರು ಹೋದ್ರೆ ಏನಾಗ್ತೈತೆ?”

ನನ್ನ ಕಣ್ಣು ತುಂಬಿತು. ಅವನು ಜೇಬು ತಡಕಾಡಿದ. ಕರ್ಚೀಫು ಸಿಗಲಿಲ್ಲ.

“ಮೀನಾಕ್ಷಿ ಅವ್ರೇ,” ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನಿಮ್ಮ ಮ್ಯಾಟ್ರಿಕ್ಸ್‌ನಾಗೆ ಗಂಡಸ್ರಿಗೆ ಜಾಗ ಇಲ್ಲ ಅಂದ್ರಿ. ಮನ್ಯಾಗಾದ್ರೂ ಐತಾ?”

“ಎದ್ದು ನಿಂತ್ಕೊಂಡು ಕೇಳಿ,” ಎಂದೆ.

ಅವನು ಧಡಕ್ಕನೆ ಎದ್ದು ನಿಂತ. ಕೈಯನ್ನು ಪಕ್ಕಕ್ಕೆ ನೆಟ್ಟಗಿಟ್ಟುಕೊಂಡು ಇನ್ನೊಂದು ಸಲ ಕೇಳಿದ.

“ಐತೆ,” ಎಂದೆ. ಕ್ಲಾಸಿನ ಕನ್ನಡ ಬಾಯಿಗೆ ಬರಲೇ ಇಲ್ಲ.

* * *

ಓಬವ್ವ ನಮ್ಮ ಮನೆಗೆ ಬಂದ ದಿನ ಮಾತುಕತೆಗೆ ಮೊದಲು ಆ ಗೋಡೆಯನ್ನು ನೋಡಬೇಕೆಂದಳು. ತುಂಬ ಹೊತ್ತು ನೋಡಿ, “ಇದ್ನ ಹೊತ್ಕಂಡು ಬರಾಕ ಆಗಲ್ಲ ಬಿಡವ್ವ,” ಎಂದಳು. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು, ನೆಲದ ಮೇಲೆ ಸಾಲಾಗಿ ತಟ್ಟೆ ಹಾಕಿದಳು. ಅಂಜನ್ ಅವನ್ನು ಎಣಿಸುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ.

ಮದುವೆಯಾದ ವಾರಕ್ಕೆ ಅಪ್ಪ ಬಾಗಿಲ ಪಕ್ಕದ ಬೋರ್ಡನ್ನು ಹೊಸದಾಗಿ ಬರೆದ. ಮೇಲಿನ ಸಾಲಿನಲ್ಲಿ ತನ್ನದೂ ಅಮ್ಮನದೂ ಹೆಸರು. ಅದರ ಕೆಳಗೆ ನನ್ನ ಹೆಸರು. ನನ್ನ ಹೆಸರಿನ ಪಕ್ಕ, ಅದೇ ಬಣ್ಣ, ಅದೇ ಅಳತೆಯಲ್ಲಿ, ಅಂಜನಕುಮಾರ. ಅವನು ಹೊರಗೆ ನಿಂತು ತನ್ನ ಹೆಸರನ್ನು ನಾಲ್ಕು ಸಲ ಓದಿದ. ಮಕ್ಕಳ ರೂಮಿನ ಪಾಯಪೂಜೆಗೆ ನಮ್ಮನ್ನು ಕರೆಯಲು ಬಂದಿದ್ದ ನೀಲಕ್ಕನೂ ನಿಂತು ಓದಿದಳು.

“ಮಾವ, ಕೆಳಗ ಇಷ್ಟು ಜಾಗ ಯಾಕ ಖಾಲಿ ಬಿಟ್ರಿ?” ಅಂಜನ್ ಕೇಳಿದ.

ಅಪ್ಪ ಬ್ರಷ್ ತೊಳೆಯುತ್ತ, ತಲೆಯೆತ್ತದೆ ಹೇಳಿದ: “ನನ್ ಮಗಳ ಲೆಕ್ಕದಾಗೆ ಸೊನ್ನೆಯಿಂದ ನಾಕು ಅಂತ ಒಂದು ಗುಂಪು ಇರ್ತೈತಲ್ಲಪ್ಪ, ಅದ್ಕೆ.”

ಅಂಜನ್‌ನ ಕಿವಿ ಕೆಂಪಾಯಿತು. ನಾನು ಬೋರ್ಡಿನ ಕಡೆ ನೋಡಿದೆ.

“ಅಲ್ಲಾ,” ನೀಲಕ್ಕ ಗಲ್ಲದ ಮೇಲೆ ಬೆರಳಿಟ್ಟಳು, “ಬಾಣಂತನಕ್ಕ ಮೀನಾಕ್ಷಮ್ಮ ಎಲ್ಲಿಗೆ ಹೋಗ್ತಾಳೆ? ತವರೂ ಇದೇ, ಗಂಡನ ಮನಿನೂ ಇದೇ. ಈ ಕೂಸನ್ನ ಯಾವ ಕಾಲಂಗೆ ಬರೀಬೇಕು?”

“ಇಲ್ಲೇ ಇರೋರು,” ಎಂದೆವು ಇಬ್ಬರೂ ಒಟ್ಟಿಗೆ.

ನನ್ನ ಮೊದಲ ಲೆಕ್ಕದಲ್ಲಿ, ಎಲ್ಲಿ ಹೆಸರು ಬರೆಸಿದ ಕೂಸೋ ಅಲ್ಲೇ ಬೆಳೆಯುತ್ತದೆ ಎಂದು ಹಿಡಿದಿದ್ದೆ. ಇಡೀ ಊರಿಗೆ ತಪ್ಪಾಗಿದ್ದ ಆ ಲೆಕ್ಕ ಬಿ ಬ್ಲಾಕಿನ ಒಂದು ಮನೆಗೆ ಸರಿ ಬರುವಂತಿತ್ತು. ಅವನಿಗೂ ಅದೇ ಹೊಳೆದಿರಬೇಕು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ, ಮೂಗಿನಿಂದ ಅದೇ ನಗು ತಪ್ಪಿಸಿಕೊಂಡು ಬಂತು.

ಈ ಸಲ ಕಾರಣ ಕೇಳಬೇಕಾಗಿರಲಿಲ್ಲ. ನಾನೂ ನಕ್ಕೆ.